ಮುಟ್ಟಿದ ಕೈ, ಮುಟ್ಟದ ಕೈ

ನನ್ನ ಗಂಡ ಸತ್ತ ಮೇಲೆ ಅವನ ಚರ್ಮದ ಒಂದು ಚೂರು ಹನ್ನೊಂದು ತಿಂಗಳಿಗಿಂತ ಹೆಚ್ಚು ಬದುಕಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು.

ಇದರಲ್ಲಿ ಪವಾಡವೇನೂ ಇಲ್ಲ. ಆ ಹೊತ್ತಿಗೆ ಧಾರವಾಡದ ನಮ್ಮ ಸಹಕೋಶ ಕೇಂದ್ರದಲ್ಲಿ ಕ್ಯಾನ್ಸರ್ ಆದ ಪ್ರತಿಯೊಬ್ಬರಿಗೂ ಒಂದು ಫಲಕ ಇರುತ್ತಿತ್ತು. ಅಂಗೈಯಗಲದ ಗಾಜು. ಗಾಜಿನ ಮೇಲೆ ಕೂದಲಿನಷ್ಟು ಸಣ್ಣ ಕಾಲುವೆಗಳು. ಕಾಲುವೆಗಳ ನಡುವೆ ರೋಗಿಯ ಜೀವಕೋಶಗಳಿಂದಲೇ ಬೆಳೆಸಿದ ಸಾಸಿವೆ ಕಾಳಿನಷ್ಟು ಗಡ್ಡೆ, ಅಷ್ಟೇ ಚಿಕ್ಕ ಯಕೃತ್ತು, ಮಿಡಿಯುವ ಹೃದಯದ ಒಂದು ಎಳೆ, ನರದ ಸಮೇತ ಬೆರಳ ತುದಿಯ ಚರ್ಮದ ಒಂದು ತುಣುಕು. ಮಿದುಳು ಇಲ್ಲ. ಯಾವ ಮದ್ದಾದರೂ ಮೊದಲು ಫಲಕಕ್ಕೆ. ಮೂರು ದಿನ ಕಾದು, ಅದು ತಡೆದುಕೊಂಡರೆ ರೋಗಿಗೆ.

ಕಾಗದದಲ್ಲಿ ಅದು ಸಹಕೋಶ ಫಲಕ. ಜನ ಅದನ್ನು ಜೋಡಿ ಎಂದು ಕರೆದರು. ಹೊರಗಿನ ಕಿಟಕಿಗೆ ಬಂದು, "ನಮ್ಮ ಜೋಡಿ ಹೆಂಗೈತ್ರಿ? ನಿನ್ನಿ ಸೂಜಿ ತಡಕೊಂತೇನ್ರಿ?" ಎಂದು ವಿಚಾರಿಸುತ್ತಿದ್ದರು. ಕುಂದಗೋಳದ ಮುದುಕನೊಬ್ಬ ತನ್ನ ಜೋಡಿಗೆಂದು ಗಿರ್ಮಿಟ್ಟು ಕಟ್ಟಿಸಿಕೊಂಡು ಬಂದಿದ್ದ. ಅದು ತಿನ್ನುವುದಿಲ್ಲ ಎಂದೆ. "ಹಂಗಾರ ನೀನ ತಿನ್ನವಾ. ಅದರ ಮುಂದ ನಿಂತು ತಿನ್ನು," ಎಂದ.

ನಾನು ಕೆಲಸ ಮಾಡುತ್ತಿದ್ದದ್ದು ಕಾವಲು ಕೋಣೆಯಲ್ಲಿ. ಬೆಚ್ಚಗಿನ ಕಪಾಟುಗಳಲ್ಲಿ ನಾನೂರು ಫಲಕಗಳು, ಎದುರಿಗೆ ಪರದೆಗಳು. ಚರ್ಮದ ತುಣುಕಿನ ಅಡಿಯಲ್ಲಿ ವಿದ್ಯುತ್ ಅಳೆಯುವ ತಂತಿ ಇತ್ತು. ನೈಲಾನ್ ಎಳೆಯೊಂದರಿಂದ ಚರ್ಮವನ್ನು ಮುಟ್ಟಿದರೆ, ನರ ಸರಿಯಾಗಿದ್ದರೆ, ಪರದೆಯ ಮೇಲಿನ ಗೆರೆ ಪಟಕ್ಕನೆ ಏಳುತ್ತಿತ್ತು. ನರ ಸತ್ತಿದ್ದರೆ ಗೆರೆ ಮಲಗಿಯೇ ಇರುತ್ತಿತ್ತು. ತಿಂಗಳಿಗೊಮ್ಮೆ ಯಂತ್ರವೇ ಎಲ್ಲ ಫಲಕಗಳನ್ನೂ ಹೀಗೆ ಮುಟ್ಟಿ ನೋಡುತ್ತಿತ್ತು.

ಗುರುಸಿದ್ಧನದು ಅರವತ್ತೊಂದನೆಯ ಫಲಕ. ಸಿಬ್ಬಂದಿಯ ಮನೆಯವರ ಫಲಕ ಅವರ ಪಾಳಿಯಲ್ಲೇ ಇರಬಾರದು ಎಂಬ ನಿಯಮ ಆಗ ಇರಲಿಲ್ಲ. ನನ್ನಿಂದಾಗಿ ಬಂತು.

ಗುರುಸಿದ್ಧನಿಗೆ ಎರಡು ವರ್ಷದವನಿದ್ದಾಗಲೇ ಕಣ್ಣು ಹೋಗಿತ್ತು. ಹುಬ್ಬಳ್ಳಿಯ ಬ್ರೈಲ್ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದ. ಎರಡು ತೋರುಬೆರಳು ಹಾಳೆಯ ಮೇಲೆ ಓಡಿಸುತ್ತಾ, ತಪ್ಪು ಸಿಕ್ಕಲ್ಲಿ ನಿಂತು, ತನ್ನಷ್ಟಕ್ಕೆ ನಗುತ್ತಿದ್ದ. ನಾನು ಮನೆಗೆ ಬಂದಾಗ ಮಾತಾಡುವ ಮೊದಲು ಅವನ ಬೆರಳ ತುದಿಗೆ ಮೂರು ಸಲ ತಟ್ಟುತ್ತಿದ್ದೆ. ನಾನು ಬಂದೆ ಎಂದು ಅದರ ಅರ್ಥ. ಮದುವೆಯಾದ ವಾರದಲ್ಲಿ ಶುರುವಾದ ಅಭ್ಯಾಸ. ಇಬ್ಬರಲ್ಲಿ ಯಾರು ಶುರು ಮಾಡಿದೆವೋ ನೆನಪಿಲ್ಲ.

ಅವನ ಹೊಟ್ಟೆಯ ಗಡ್ಡೆಗೆ ಕೊಟ್ಟ ಮದ್ದು ಗಡ್ಡೆಯನ್ನು ಅರ್ಧಕ್ಕಿಳಿಸಿತು. ಜೊತೆಗೆ ಬೆರಳನ್ನೂ ತೆಗೆದುಕೊಂಡಿತು. ಐದನೆಯ ಸೂಜಿಯಾದ ಮೇಲೆ ಒಂದು ಬೆಳಗ್ಗೆ ಕರಡಿನ ಮುಂದೆ ಕುಳಿತವನು ನನ್ನನ್ನು ಕರೆದ.

"ಗಂಗಾ, ಈ ಹಾಳ್ಯಾಗ ಏನರೆ ಐತೇನು ನೋಡು."

"ತುಂಬ ಐತಲ್ಲ."

"ನನಗ ಸಪಾಟ್ ಹತ್ತಾಕತ್ತೈತಿ," ಎಂದ. ಬೆರಳನ್ನು ಹಾಳೆಯ ಮೇಲೆ ಇನ್ನೊಮ್ಮೆ ಎಳೆದು, "ಎರಡನೇ ಸಲ ಕಣ್ಣು ಹೋದ್ವು," ಎಂದ.

ಅವನು ಅಳಲಿಲ್ಲ. ರೋಗಿಗಳ ಸಭೆಗೆ ಒಂದು ಪ್ರಶ್ನೆ ಬರೆಸಿದ.

ಈ ಸಭೆಯ ವಿಷಯ ಹೇಳಬೇಕು. ಕೇಂದ್ರಕ್ಕೆ ಬರುವ ಸಂಶೋಧನಾ ನಿಧಿಯ ಒಂದು ಪಾಲನ್ನು ಯಾವುದಕ್ಕೆ ಕೊಡಬೇಕೆಂದು ನಿರ್ಧರಿಸುವವರು ವಿಜ್ಞಾನಿಗಳಲ್ಲ, ರೋಗಿಗಳು. ಇಪ್ಪತ್ತೊಂದು ಕುರ್ಚಿ, ಒಂದು ಗುರುಸಿದ್ಧನದು. ವರ್ಷಕ್ಕೆ ಒಂದೇ ಪ್ರಶ್ನೆಗೆ ನಿಧಿ. ವಿಜ್ಞಾನಿಗಳು ಬಂದು, ತಿಳಿಯುವ ಹಾಗೆ ವಿವರಿಸಿ, ಹೊರಗೆ ಕಾಯಬೇಕು. ರೋಗಿ ತೀರಿಕೊಂಡರೆ ಅವನ ಕುರ್ಚಿ ಮನೆಯವರಿಗೆ ಹೋಗುತ್ತದೆ, ವರ್ಷ ತುಂಬುವ ತನಕ.

ಗುರುಸಿದ್ಧನ ಪ್ರಶ್ನೆ ಹೀಗಿತ್ತು: ಮದ್ದಿನಿಂದ ಹೋದ ಬೆರಳ ಸ್ಪರ್ಶ ತಿರುಗಿ ಬರುತ್ತದೆಯೇ? ಬರುವುದಾದರೆ ನಾವು ಏನು ಮಾಡಬೇಕು? ಆ ವರ್ಷ ಅದಕ್ಕೆ ನಾಲ್ಕು ಮತ ಬಿದ್ದವು. ಅವನು ಅದನ್ನು ಹಿಂತೆಗೆದುಕೊಳ್ಳಲಿಲ್ಲ.

ಕೊನೆಯ ನಾಲ್ಕು ತಿಂಗಳು ನಾನು ಅವನ ಬೆರಳಿಗೆ ತಟ್ಟಲಿಲ್ಲ. ತಟ್ಟಿದರೆ ಅವನಿಗೆ ತಿಳಿಯುತ್ತಿರಲಿಲ್ಲ. ತಿಳಿಯಲಿಲ್ಲ ಎಂಬುದು ಮಾತ್ರ ತಿಳಿಯುತ್ತಿತ್ತು. ಅದಕ್ಕೆ ಬಾಗಿಲಲ್ಲೇ ಬಾಯಿಬಿಟ್ಟು "ನಾನು ಬಂದೆ" ಎನ್ನತೊಡಗಿದೆ.

ಅವನು ಹೋದ ಹದಿಮೂರನೆಯ ದಿನ ಕೆಲಸಕ್ಕೆ ಮರಳಿದೆ. ಪಾಳಿ ಮುಗಿಸುವಾಗ ಕಪಾಟು ತೆರೆದು, ಪೊಟ್ಟಣದಿಂದ ಹೊಸ ನೈಲಾನ್ ಎಳೆ ತೆಗೆದು, ಅರವತ್ತೊಂದನೆಯ ಫಲಕದ ಚರ್ಮಕ್ಕೆ ಮೂರು ಸಲ ತಟ್ಟಿದೆ. ಗೆರೆ ಏಳಲಿಲ್ಲ. ಅವನು ತೆಗೆದುಕೊಂಡ ಮದ್ದಿಗೇ ಆ ನರವೂ ಸತ್ತಿತ್ತು. ಏಳುತ್ತದೆಂದು ನಾನು ತಟ್ಟಿರಲಿಲ್ಲ. ಕಪಾಟು ಮುಚ್ಚಿ ಮನೆಗೆ ಹೋದೆ. ಮರುದಿನವೂ ತಟ್ಟಿದೆ. ಆಮೇಲೆ ಅದು ಪಾಳಿ ಮುಗಿಸುವ ರೀತಿಯೇ ಆಯಿತು. ರಜೆ ಹಾಕುವುದನ್ನು ಬಿಟ್ಟೆ.

ನಾವಿದ್ದದ್ದು ಮಾಳಮಡ್ಡಿಯ ಒಂದು ಬಾಡಿಗೆ ಮನೆಯಲ್ಲಿ, ಅತ್ತೆ ಮತ್ತು ನಾನು. ಅತ್ತೆ ಈರಮ್ಮ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು. ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು.

"ಹೆಂಗದಾನ?"

"ಚಲೋ ಅದಾರ್ರಿ."

ಒಮ್ಮೆ ನನಗೆ ತಡೆಯಲಿಲ್ಲ. "ಅತ್ತಿ, ಅದು ಅವರಲ್ಲ್ರಿ," ಎಂದೆ.

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ನನಗ ತಿಳೀದೇನು? ಅಂವ ಅಲ್ಲ. ಅಂವಂದು. ನೀ ಕೈಕಾಲು ತೊಳ್ಕೋ ಹೋಗು."

ಸತ್ತವರ ಫಲಕವನ್ನು ಮನೆಯವರು ಬರೆದುಕೊಟ್ಟರೆ ಮೂರು ವರ್ಷ ಇಡುತ್ತಿದ್ದರು. ನಾವಿಬ್ಬರೂ ಸಹಿ ಹಾಕಿದ್ದೆವು. ವರ್ಷದ ಎಡೆಯ ಮಾತು ಬಂದಾಗ ಅತ್ತೆ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು: "ಒಂದು ಚೂರರೆ ಜೀವ ಐತಿ ಅಂದಮ್ಯಾಲೆ ಎಡಿ ಹೆಂಗ ಹಿಡೀಲಿ?"

ಆರು ತಿಂಗಳು ದಾಟಿದ ಮೇಲೆ ಒಂದು ಸಂಜೆ ಗೆರೆ ಎದ್ದಿತು. ಸಣ್ಣಗೆ. ಮೂರು ಸಲ.

ತಂತಿ ಸಡಿಲವಾಗಿರಬೇಕು ಎಂದುಕೊಂಡೆ. ತಂತಿ ಬಿಗಿಯಾಗಿತ್ತು. ಇನ್ನೊಂದು ಎಳೆ ತೆಗೆದು ತಟ್ಟಿದೆ. ಮೂರು ಸಲ ಎದ್ದಿತು. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕುಳಿತೆ. ಮಿದುಳಿಲ್ಲದ ಚರ್ಮಕ್ಕೆ ನಾನು ಬಂದದ್ದು ಗೊತ್ತಾಗುವುದಿಲ್ಲ. ಜೀವರಸಾಯನದಲ್ಲಿ ಸ್ನಾತಕೋತ್ತರ ಪದವಿ ಇರುವವಳು ನಾನು. ಆದರೂ ಅಲ್ಲಿಂದ ಏಳಲು ಬಹಳ ಹೊತ್ತು ಹಿಡಿಯಿತು.

ಯಾರಿಗೂ ಹೇಳಲಿಲ್ಲ.

ತಿಂಗಳ ಪರೀಕ್ಷೆಯಲ್ಲಿ ಯಂತ್ರ ಹೇಳಿಬಿಟ್ಟಿತು. ಮೊದಲ ತಿಂಗಳು ಅದನ್ನು ದೋಷವೆಂದು ಬಿಟ್ಟರು. ಮೂರನೆಯ ತಿಂಗಳು ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ಕಿತ್ತೂರ ಕಾವಲು ಕೋಣೆಗೆ ಓಡಿಯೇ ಬಂದರು. ಯಾವಾಗಲೂ ನಿಧಾನಕ್ಕೆ ನಡೆಯುವ ಹೆಂಗಸು.

"ಗಂಗಾ, ಸತ್ತವರ ಫಲಕ ಮೂವತ್ತೆಂಟು ಅವ. ಎಲ್ಲಾ ಅದೇ ಮದ್ದು ಕುಡದಾವ, ಎಲ್ಲಾ ಮದ್ದು ನಿಂತ ಮ್ಯಾಲೆ ಆರು ತಿಂಗಳಿಗಿಂತ ಹೆಚ್ಚು ಬದುಕ್ಯಾವ. ಮೂವತ್ತೇಳರ ನರ ಮಲಗೇ ಅದ. ಒಂದು ಎದ್ದದ." ಅವರು ನನ್ನ ಭುಜ ಹಿಡಿದರು. "ನಿಮ್ಮ ಯಜಮಾನರದು."

ನಾನು ಪರದೆ ನೋಡಿದೆ.

"ಅವರ ವಂಶವಾಹಿಯೊಳಗ ಏನೋ ಅದ. ಅದನ್ನ ಹುಡುಕಬೇಕು. ಐದು ವರ್ಷ ಹಿಡೀಬಹುದು. ಈ ಸಲದ ಸಭೆಗೆ ಅವರದೇ ಪ್ರಶ್ನೆ ಮತ್ತ ತಗೊಂಡು ಹೋಗ್ತೀನಿ. ನಿಮಗ ಬ್ಯಾಸರಿಲ್ಲಲ್ಲ?"

"ಇಲ್ಲ," ಎಂದೆ.

ವಂಶವಾಹಿಯಲ್ಲಿ ಏನೂ ಇಲ್ಲದಿರಬಹುದು ಎಂದು ನನಗೆ ಗೊತ್ತಿತ್ತು. ಮೂವತ್ತೆಂಟು ಫಲಕಗಳಲ್ಲಿ ದಿನವೂ ಯಾರಾದರೂ ಮುಟ್ಟಿದ್ದು ಒಂದನ್ನೇ. ಹೇಳಿದರೆ ಕೆಲಸ ಹೋಗುತ್ತಿತ್ತು. ಅದಕ್ಕಿಂತ, ಕಪಾಟಿಗೆ ಬೀಗ ಬೀಳುತ್ತಿತ್ತು. ಇನ್ನೂ ಒಂದಿತ್ತು. ಮುಟ್ಟಿದ್ದರಿಂದಲೇ ಸ್ಪರ್ಶ ಮರಳುವುದಾದರೆ, ಅವನು ಬದುಕಿದ್ದಾಗ ನಾನು ಮುಟ್ಟದೆ ಬಿಟ್ಟ ಆ ನಾಲ್ಕು ತಿಂಗಳುಗಳನ್ನು ನಾನು ಎಲ್ಲಿ ಇಡಲಿ?

ಐದು ವಾರ ಬಾಯಿ ಮುಚ್ಚಿಕೊಂಡಿದ್ದೆ. ದಿನವೂ ತಟ್ಟಿದೆ. ದಿನವೂ ಗೆರೆ ಎದ್ದಿತು.

ಫಕೀರವ್ವ ತಳವಾರ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದವಳು. ಸಭೆಯಲ್ಲಿ ಅವಳಿಗೂ ಒಂದು ಕುರ್ಚಿ ಇತ್ತು. ಅವಳ ಎದೆಯ ಗಡ್ಡೆ ಕರಗಿತ್ತು, ಎರಡೂ ಕೈ ಮರಗಟ್ಟಿದ್ದವು. ಸಭೆಗೆ ಎರಡು ದಿನ ಮುಂಚೆ ಕೇಂದ್ರದ ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕುಳಿತಳು. ಬಲಗೈಗೆ ಬಟ್ಟೆ ಸುತ್ತಿತ್ತು.

"ಏನಾತಬೇ ಕೈಗೆ?" ಎಂದೆ.

"ರೊಟ್ಟಿ ಬಡೀತೀನಿ ಅಂತ ಹೋದೆ. ಹಂಚಿನ ಮ್ಯಾಲೆ ಕೈ ಇಟ್ಟೀನಿ, ಖಬರ ಇಲ್ಲ. ಏನೋ ಸುಟ್ಟ ವಾಸನಿ ಬಂತು. ಯಾರಬೇ ರೊಟ್ಟಿ ಸುಡಾಕತ್ತಾರ ಅಂತ ಹುಡುಗ್ಯಾರಿಗೆ ಬೈದೆ. ನೋಡಿದ್ರ ನಾನ!" ಎಂದು ಅವಳು ಜೋರಾಗಿ ನಕ್ಕಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಲೋಟವನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು, ಹಿಡಿದದ್ದು ಸರಿಯಿದೆಯೇ ಎಂದು ಕಣ್ಣಿಂದ ನೋಡಿಕೊಂಡು ಚಹಾ ಕುಡಿದಳು.

"ನಿನ್ನ ಗಂಡನ ರಕ್ತದಾಗ ಏನೋ ಔಷಧ ಐತಂತಲ್ಲ. ಐದು ವರ್ಷ ಬೇಕಂತ. ಅಲ್ಲೀತನಕ ನಾ ಇರ್ತೀನೋ ಇಲ್ಲೋ ಯಾರು ಕಂಡಾರ. ಆದ್ರೂ ಅದಕ್ಕ ಕೈ ಎತ್ತತೀನಿ ನೋಡು. ಮುಂದಿನವ್ರಿಗರೆ ಆಗ್ಲಿ."

ಅವಳು ಹೋದ ಮೇಲೂ ನಾನು ಅಲ್ಲೇ ಕುಳಿತಿದ್ದೆ. ಅವಳ ಒಂದು ಮತ, ಉಳಿದ ಕಾಲ ಎರಡೂ ನಾನು ಸುಮ್ಮನಿದ್ದ ಕಾರಣಕ್ಕೆ ಹೋಗಲಿದ್ದವು.

ಸಭೆಯ ದಿನ ಗುರುಸಿದ್ಧನ ವರ್ಷಕ್ಕೆ ಇನ್ನು ಮೂರು ವಾರವಿತ್ತು. ಅವನ ಕುರ್ಚಿಯಲ್ಲಿ ನಾನು. ಎರಡು ಪ್ರಶ್ನೆಗಳು ಕೊನೆಯ ಸುತ್ತಿಗೆ ಬಂದಿದ್ದವು. ಒಂದು, ಹೊಸ ಮದ್ದು. ಆಯುಸ್ಸು ಸರಾಸರಿ ಒಂಬತ್ತು ವಾರ ಹೆಚ್ಚಬಹುದು. ಇನ್ನೊಂದು, ಬೆರಳು. ಹೊಸ ಮದ್ದಿನ ಪರವಾಗಿ ಬಸ್ ಕಂಡಕ್ಟರ್ ವಾಸಪ್ಪ ಹೂಗಾರ ಮಾತಾಡಿದ. ತೆಳ್ಳಗಾಗಿದ್ದ, ದನಿ ಮಾತ್ರ ಬಸ್ಸಿನದೇ.

"ಒಂಬತ್ತು ವಾರ ಅಂದ್ರ ನಿಮಗ ಏನೂ ಅಲ್ಲರಿ. ನನ್ನ ಮಗಳು ಬಸರಿ ಅದಾಳ. ಲೆಕ್ಕ ಹಾಕೀನಿ ನಾನು. ಮಗುವಿನ ಮಾರಿ ನೋಡಾಕ ನನಗ ಏಳು ವಾರ ಕಡಿಮಿ ಬೀಳ್ತಾವು."

ಡಾಕ್ಟರ್ ಕಿತ್ತೂರ ಎದ್ದು ವಂಶವಾಹಿಯ ಚಿತ್ರ ತೋರಿಸತೊಡಗಿದರು. ಅವರು ಎರಡನೆಯ ಚಿತ್ರಕ್ಕೆ ಬರುವಾಗ ನಾನು ಎದ್ದೆ.

"ಡಾಕ್ಟರ್, ಆ ಫಲಕವನ್ನ ನಾನು ದಿನಾ ಮುಟ್ಟೀನಿ."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. "ಅಂದ್ರ?"

"ಪಾಳಿ ಮುಗಿಸುವಾಗ. ನೈಲಾನ್ ಎಳಿಯಿಂದ. ಮೂರು ಸಲ."

"ಯಾವಾಗಿಂದ?"

"ಅವರು ಹೋದ ಹದಿಮೂರನೇ ದಿನದಿಂದ."

"ಯಾಕ?"

"ಮನ್ಯಾಗ ಹಂಗ ಮಾಡ್ತಿದ್ದೆ," ಎಂದೆ.

ಡಾಕ್ಟರ್ ಕಿತ್ತೂರ ಕುಳಿತುಕೊಂಡರು. ಮುಖ ಕೆಂಪಾಗಿತ್ತು. ಒಂದು ವರ್ಷದ ದಾಖಲೆ ಹಾಳು ಮಾಡಿದ್ದೀರಿ ಎಂದರು. ಫಲಕ ನಿಮ್ಮ ಮನೆಯ ಸಾಮಾನಲ್ಲ ಎಂದರು. ಎಲ್ಲವೂ ಸರಿಯೇ. ಆಮೇಲೆ ಅವರ ದನಿ ನಿಧಾನವಾಯಿತು. ಬೈಯುವುದು ನಿಂತು ಯೋಚಿಸುವುದು ಶುರುವಾದದ್ದು ಎಲ್ಲರಿಗೂ ಕಾಣಿಸಿತು.

"ಹಂಗಾರ ವಂಶವಾಹಿ ಅಲ್ಲ," ಎಂದರು ತಮ್ಮಷ್ಟಕ್ಕೆ. "ಮುಟ್ಟಿದ್ದಕ್ಕ ಎದ್ದಿರಬಹುದು. ಉಪಯೋಗ ಇಲ್ಲದ ನರ ಒಣಗ್ತದ. ದಿನಾ ಯಾರೋ ಕರದ್ರ…" ಮಾತು ನಿಲ್ಲಿಸಿ ಸಭೆಯ ಕಡೆ ತಿರುಗಿದರು. "ಇದಕ್ಕ ಐದು ವರ್ಷ ಬ್ಯಾಡ. ಒಂದು ವರ್ಷ ಸಾಕು. ಆದರ ಎರಡು ಕೆಲಸ ಆಗಬೇಕು. ಅರವತ್ತೊಂದನೇ ಫಲಕದ ಜೀವ ನಿಲ್ಲಿಸಿ, ಚರ್ಮ ಸೀಳಿ, ಒಳಗ ನರ ಬೆಳದದೋ ಇಲ್ಲೋ ನೋಡಬೇಕು. ಆಮ್ಯಾಲೆ ರೋಗಿಗಳ ಮ್ಯಾಲೆ ಪರೀಕ್ಷೆ. ಅರ್ಧ ಮಂದಿಯ ಕೈಯನ್ನ ಮನೆಯವರು ದಿನಾ ಇಪ್ಪತ್ತು ನಿಮಿಷ ಮುಟ್ಟಬೇಕು. ಅರ್ಧ ಮಂದೀದು ಮುಟ್ಟಬಾರದು."

ಸಭೆಯಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಹಿಂದಿನಿಂದ ಯಾರೋ ಕೂಗಿದರು.

"ಮುಟ್ಟಬ್ಯಾಡ್ರಿ ಅಂತ ಯಾರಿಗೆ ಹೇಳ್ತೀರಿ ನೀವು?"

"ಹೋಲಿಕಿ ಬೇಕಲ್ಲರಿ," ಎಂದರು ಡಾಕ್ಟರ್. "ಇಲ್ಲಂದ್ರ ಮುಟ್ಟಿದ್ದಕ್ಕ ಬಂತೋ, ತಾನ ಬಂತೋ, ಹೆಂಗ ಗೊತ್ತಾಗಬೇಕು?"

ಫಕೀರವ್ವ ಎದ್ದು ಬಟ್ಟೆ ಸುತ್ತಿದ ಕೈಯನ್ನೂ ಸುತ್ತದ ಕೈಯನ್ನೂ ಮೇಲೆತ್ತಿ ಹಿಡಿದಳು.

"ಡಾಕ್ಟ್ರ, ದೇವರು ನನಗ ಎರಡು ಕೈ ಕೊಟ್ಟಾನ್ರಿ. ಒಂದು ಮುಟ್ಟ್ರಿ, ಒಂದು ಬಿಡ್ರಿ. ಅದ ಮೈ, ಅದ ಮದ್ದು. ಮತ್ತ್ಯಾಕ ಇನ್ನೊಬ್ಬಾಕಿಗೆ ಉಪವಾಸ ಕೆಡವತೀರಿ?"

ಡಾಕ್ಟರ್ ಕಿತ್ತೂರ ಎದ್ದು ನಿಂತು ಆ ಎರಡು ಕೈಗಳನ್ನೂ ನೋಡಿದರು. "ಇದು ನನಗ್ಯಾಕ ಹೊಳೀಲಿಲ್ಲ?" ಎಂದರು.

"ನಿಮ್ಮ ಕೈ ಚಲೋ ಅದಾವಲ್ಲರಿ," ಎಂದಳು ಫಕೀರವ್ವ.

ಮತ ಹಾಕುವಾಗ ಹನ್ನೊಂದು ಕೈ ಬೆರಳಿಗೆ, ಹತ್ತು ಒಂಬತ್ತು ವಾರಕ್ಕೆ. ಹನ್ನೊಂದರಲ್ಲಿ ಒಂದು ಗುರುಸಿದ್ಧನದು. ಹೊರಗೆ ಮೆಟ್ಟಿಲ ಬಳಿ ವಾಸಪ್ಪ ಹೂಗಾರ ನನಗಾಗಿ ಕಾದಿದ್ದ. ಬೈಯಲಿ ಎಂದುಕೊಂಡೆ.

"ನಿಮ್ಮ ಮ್ಯಾಲೆ ಸಿಟ್ಟಿಲ್ಲರಿ ನನಗ," ಎಂದ. "ಭಾಳ ಸಿಟ್ಟು ಐತಿ ಖರೆ. ಯಾರ ಮ್ಯಾಲೆ ಅಂತ ತಿಳೀವಲ್ದು."

ಫಲಕ ನಿಲ್ಲಿಸಲು ಎರಡು ಸಹಿ ಬೇಕಿತ್ತು, ಹೆಂಡತಿಯದು ಮತ್ತು ತಾಯಿಯದು. ಅತ್ತೆಗೆ ಎಲ್ಲವನ್ನೂ ಹೇಳಿದೆ. ಮೊದಲಿಂದ. ಜೀವ ನಿಲ್ಲಿಸುವ ಮಾತಿಗೆ ಅಳುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ.

"ದಿನಾ ಮುಟ್ಟತಿದ್ದಿ?"

"ಹೂಂ ರೀ."

"ನಾ ದಿನಾ ಹೆಂಗದಾನ ಅಂತ ಕೇಳಿದಾಗ, ಮುಟ್ಟೇ ಬರತಿದ್ದಿ?"

ನಾನು ತಲೆಯಾಡಿಸಿದೆ.

"ನನಗ್ಯಾಕ ಒಂದು ದಿನ ಕರೀಲಿಲ್ಲ ನೀ?" ಅವರ ದನಿ ಏರಲಿಲ್ಲ. "ನಿನಗ ಗಂಡ. ನನಗ ಯಾರು? ಎರಡು ವರ್ಷದಾಂವಿದ್ದಾಗ ಕಣ್ಣು ಹೋದ್ವು. ಗೋಡಿ, ಬಾಗಲ, ಬೆಂಕಿ, ನೀರು, ಎಲ್ಲಾ ಈ ಕೈಲೆ ಅವನ ಕೈ ಹಿಡಿದು ತೋರ್ಸೀನಿ. ಒಂದು ಸಲ, ಒಂದ ಸಲ ಕರೀಬೇಕಿತ್ತು ಗಂಗವ್ವಾ."

"ಒಳಗ ಯಾರನ್ನೂ ಬಿಡಂಗಿಲ್ಲರಿ…"

"ನಿನಗರೆ ಎಲ್ಲಿ ಬಿಟ್ಟಿದ್ರು?"

ಈಗ ಕರೆಯೋಣವೆಂದರೆ ಕಪಾಟಿಗೆ ಬೀಗ ಬಿದ್ದಿತ್ತು. ಅವರು ಕಾಗದ ತೆಗೆದುಕೊಂಡು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಂಗನವಾಡಿಯ ದುಂಡು ಅಕ್ಷರದಲ್ಲಿ ಸಹಿ ಹಾಕಿದರು. ಆಮೇಲೆ ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಹೆಂಗದಾನ ಎಂದೂ ಕೇಳಲಿಲ್ಲ.

ಫಲಕಕ್ಕೆ ದ್ರವ ಹಾಕುವಾಗ ನನ್ನನ್ನು ಗಾಜಿನ ಆಚೆ ನಿಲ್ಲಿಸಿದ್ದರು. ಹೃದಯದ ಎಳೆ ಸ್ವಲ್ಪ ಹೊತ್ತು ಮಿಡಿದು ನಿಂತಿತು. ಡಾಕ್ಟರ್ ಕಿತ್ತೂರ ಗಡಿಯಾರ ನೋಡಿ ಹೊತ್ತು ಬರೆದುಕೊಂಡರು. ಮನುಷ್ಯರು ಹೋದಾಗಲೂ ಹಾಗೆಯೇ ಬರೆದುಕೊಳ್ಳುತ್ತಾರೆ.

ಮರುವಾರ ಅತ್ತೆ ವರ್ಷದ ಎಡೆ ಹಿಡಿದರು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಉಪ್ಪು ಹೆಚ್ಚಾಗಿತ್ತು. ಇಬ್ಬರೂ ಉಂಡೆವು.

ಸೀಳಿದ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಡಾಕ್ಟರ್ ನನ್ನನ್ನು ಕರೆದರು. ಬಣ್ಣ ಹಾಕಿದ ನರಗಳು ಹಸಿರಾಗಿ ಹೊಳೆಯುತ್ತಿದ್ದವು. ಎಲ್ಲ ಕಡೆಯೂ ಅಲ್ಲ. ತುಣುಕಿನ ಉಳಿದ ಭಾಗವೆಲ್ಲ ಕಪ್ಪು. ನಾನು ತಟ್ಟುತ್ತಿದ್ದ ಸೂಜಿಮೊನೆಯಗಲದ ಜಾಗದಲ್ಲಿ ಮಾತ್ರ ಸಣ್ಣ ಎಳೆಗಳು ಒತ್ತಾಗಿ ಮೇಲಕ್ಕೆ ಬಂದಿದ್ದವು.

"ಫಲಕ ಮನುಷ್ಯಾ ಅಲ್ಲ," ಎಂದರು ಡಾಕ್ಟರ್. "ಮನುಷ್ಯಾನೊಳಗೂ ಹಿಂಗ ಆಗ್ತದ ಅಂತ ಇನ್ನೂ ಗೊತ್ತಿಲ್ಲ. ನೆನಪಿಡ್ರಿ."

ನನಗೂ ಅದೇ ಬೇಕಿತ್ತು, ಗೊತ್ತಿಲ್ಲದಿರುವುದು. ಗೊತ್ತಾಗಲಿ ಎಂದೂ ಬೇಕಿತ್ತು.

ನನ್ನನ್ನು ಕಾವಲು ಕೋಣೆಯಿಂದ ತೆಗೆದರು, ಕೆಲಸದಿಂದ ತೆಗೆಯಲಿಲ್ಲ. ರೋಗಿಗಳ ಕೈಯ ಸ್ಪರ್ಶ ಅಳೆಯುವ ಕೆಲಸ ಕೊಟ್ಟರು. "ನಿಮಗ ಮುಟ್ಟೋದು ಚಲೋ ಬರ್ತದ," ಎಂದರು ಡಾಕ್ಟರ್. ನಗಲಿಲ್ಲ.

ಪರೀಕ್ಷೆಗೆ ನಲವತ್ತನಾಲ್ಕು ಜನ. ಚೀಟಿ ಎತ್ತಿ ಪ್ರತಿಯೊಬ್ಬರ ಒಂದು ಕೈ ಆರಿಸಿದ್ದರು. ಮನೆಯವರು ದಿನಾ ಕೇಂದ್ರಕ್ಕೆ ಬಂದು ಇಪ್ಪತ್ತು ನಿಮಿಷ ಆ ಕೈಯನ್ನು ಮುಟ್ಟಬೇಕು, ಸವರಬೇಕು, ಬೆರಳು ಬೆರಳೂ ತಟ್ಟಬೇಕು. ಇನ್ನೊಂದನ್ನು ಸುಮ್ಮನೆ ಬಿಡಬೇಕು. ಯಾವ ಕೈ ಎಂದು ಅಳೆಯುವವಳಿಗೆ ಗೊತ್ತಿರಬಾರದು. ಗೊತ್ತಿದ್ದರೆ ಆಸೆಯೂ ಅಳತೆಯಲ್ಲಿ ಸೇರುತ್ತದೆ. ಹಾಗಾಗಿ ಆ ಇಪ್ಪತ್ತು ನಿಮಿಷ ನಾನು ಮುಚ್ಚಿದ ಬಾಗಿಲ ಹೊರಗೆ ಓಣಿಯ ಬೆಂಚಿನಲ್ಲಿ ಕುಳಿತಿರುತ್ತಿದ್ದೆ. ಒಳಗೆ ಯಾರೋ ಯಾರದೋ ಕೈ ಹಿಡಿದಿರುತ್ತಿದ್ದರು.

ಫಕೀರವ್ವನಿಗೆ ಮುಟ್ಟುವವರು ಯಾರೂ ಇರಲಿಲ್ಲ. ಖಾನಾವಳಿಯ ಹುಡುಗಿಯರು ಬೆಳಗಿನ ರೊಟ್ಟಿ ಬಿಟ್ಟು ಬರುವಂತಿರಲಿಲ್ಲ. ಮನೆಯಲ್ಲಿ ಒಂದು ಮಾತಿಗೆ ಇದನ್ನು ಹೇಳಿದ್ದೆ. ಮರುದಿನ ಅತ್ತೆ ಚೀಲ ಹಿಡಿದುಕೊಂಡು ನನ್ನ ಜೊ‌ತೆ ಬಸ್ಸು ಹತ್ತಿದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಾಗಿಲ ಆಚೆಯಿಂದ ಇಬ್ಬರ ದನಿ ಕೇಳುತ್ತಿತ್ತು.

"ರೊಟ್ಟಿಗೆ ಬಿಸಿನೀರು ಹಾಕಿ ನಾದ್ಬೇಕು ಅಂತ ಗೊತ್ತಿಲ್ಲೇನು ನಿನಗ?"

"ಮೂವತ್ತು ವರ್ಷ ಊರಿಗೆಲ್ಲಾ ಬಡಿದು ಹಾಕೀನಿ. ನನಗ ಹೇಳಾಕ ಬಂದಾಳ ಅಂಗನವಾಡಿ ಟೀಚರು."

"ಕೈ ಅಲ್ಲಾಡಿಸಬ್ಯಾಡ, ಸುಮ್ಮ ಕೂಡು."

ಮೊದಲ ತಿಂಗಳು ಫಕೀರವ್ವನ ಎರಡೂ ಕೈಗೆ ಏನೂ ತಿಳಿಯಲಿಲ್ಲ. ಎರಡನೆಯ ತಿಂಗಳೂ ಇಲ್ಲ. ಮೂರನೆಯದೂ ಇಲ್ಲ. ಕಣ್ಣು ಮುಚ್ಚಿ ಕುಳಿತು, "ಮುಟ್ಟಿದೇನು? ಮುಟ್ಟಿದೇನು?" ಎಂದು ಅವಳೇ ನನ್ನನ್ನು ಕೇಳುತ್ತಿದ್ದಳು.

ನಾಲ್ಕನೆಯ ತಿಂಗಳ ಅಳತೆಯ ದಿನ ಕೇಂದ್ರದ ನಳದಲ್ಲಿ ನೀರು ಬಂದಿರಲಿಲ್ಲ. ಫಕೀರವ್ವ ಕಣ್ಣು ಮುಚ್ಚಿದಳು. ಎಡಗೈಯಿಂದ ಶುರು ಮಾಡಿದೆ. ತೆಳು ಎಳೆ, ದಪ್ಪ ಎಳೆ, ಇನ್ನೂ ದಪ್ಪ ಎಳೆ. ಏನೂ ಇಲ್ಲ. ಬಲಗೈಗೆ ಬಂದೆ. ತೋರುಬೆರಳ ತುದಿಗೆ ದಪ್ಪ ಎಳೆ ಒತ್ತಿದೆ.

"ಬಂತು," ಎಂದಳು.

ಎಳೆ ತೆಗೆದೆ. ಸುಮ್ಮನೆ ಕಾದೆ. ಮುಟ್ಟದೆ ಕೇಳಿದೆ. "ಇಲ್ಲ," ಎಂದಳು. ಮತ್ತೆ ಒತ್ತಿದೆ.

"ಬಂತು. ಇರುವಿ ಕೂತಂಗ ಆತು."

ಬರೆದುಕೊಳ್ಳಲು ಬಾಗಿದಾಗ ಆ ಕೈಯಿಂದ ವಾಸನೆ ಬಂತು. ಓಂಕಾಳು ಹಾಕಿ ಕಾಸಿದ ಕುಸುಬಿ ಎಣ್ಣೆ. ನಮ್ಮ ಮನೆಯ ಎಣ್ಣೆ. ಎಣ್ಣೆ ಹಚ್ಚಬಾರದೆಂದು ನಿಯಮವಿತ್ತು. ಬರಿಗೈಯಲ್ಲಿ ಒಬ್ಬರ ಕೈ ಸವರುವುದು ಅತ್ತೆಗೆ ಗೊತ್ತಿರಲಿಲ್ಲ. ಮೊದಲ ದಿನದಿಂದಲೂ ಹಚ್ಚಿ, ಅಳತೆಯ ದಿನ ಮಾತ್ರ ಸೋಪು ಹಾಕಿ ತೊಳೆಸುತ್ತಿದ್ದರಂತೆ. ಅಂದು ತೊಳೆಯಲು ನೀರಿರಲಿಲ್ಲ.

ಎಡಗೈಯನ್ನು ಮೂಗಿನ ಹತ್ತಿರ ತಂದೆ. ಅದಕ್ಕೆ ವಾಸನೆ ಇರಲಿಲ್ಲ.

ಕೈ ಮೇಜಿನ ಮೇಲಿಟ್ಟೆ. ನನಗೆ ಗೊತ್ತಾಗಿಬಿಟ್ಟಿತ್ತು. ಒಂದೇ ಹೆಂಗಸಿನ ಒಂದೇ ಬೆರಳು. ಇದರಿಂದ ಏನನ್ನೂ ಸಾಧಿಸಲಾಗುವುದಿಲ್ಲ ಎಂದು ಡಾಕ್ಟರ್ ಹೇಳುತ್ತಾರೆ. ಅದು ಸರಿ. ಆದರೂ ನನಗೆ ಗೊತ್ತಾಗಿತ್ತು. ಬದುಕಿದ್ದವನ ಬೆರಳೂ ಹೀಗೆ ಬರಬಹುದಿತ್ತು.

ಡಾಕ್ಟರ್ ಕಿತ್ತೂರರ ಕೋಣೆಗೆ ಹೋಗಿ, ಫಕೀರವ್ವನ ಕೈಯನ್ನು ಇನ್ನು ನಾನು ಅಳೆಯುವಂತಿಲ್ಲ, ಯಾವ ಕೈ ಎಂದು ತಿಳಿದುಹೋಯಿತು ಎಂದೆ. ಎಣ್ಣೆಯ ವಿಷಯವನ್ನೂ ಹೇಳಿದೆ. ಅವರು ಹಣೆಗೆ ಕೈಹಚ್ಚಿದರು.

"ಮುಟ್ಟಿದ್ದಕ್ಕ ಬಂತೋ ಎಣ್ಣಿಗೆ ಬಂತೋ, ಈಗ ಅದಕ್ಕೊಂದು ಬ್ಯಾರೆ ಪರೀಕ್ಷೆ ಮಾಡಬೇಕಾತು. ನಿಮ್ಮ ಮನಿ ಮಂದಿಯಿಂದ ನನಗ ಬಿಡುಗಡಿ ಇಲ್ಲ." ಆಮೇಲೆ ಕಾಗದದಿಂದ ತಲೆ ಎತ್ತಿ ನನ್ನನ್ನು ನೋಡಿದರು. "ಅಳೆಯುವಾಕಿ ಅಲ್ಲ ಅಂದಮ್ಯಾಲೆ ಹೊರಗ ಕೂಡೋದೂ ಬ್ಯಾಡ. ಬೇಕಾದ್ರ ಒಳಗ ಹೋಗ್ರಿ."

ಮರುದಿನ ಬೆಳಗ್ಗೆ ಬಾಗಿಲು ತಳ್ಳಿದೆ. ಕಿಟಕಿಯ ಬಳಿ ಫಕೀರವ್ವ, ಅವಳ ಮುಂದೆ ಸ್ಟೂಲಿನ ಮೇಲೆ ಅತ್ತೆ. ಬಲಗೈ ಅತ್ತೆಯ ಎರಡೂ ಕೈಗಳ ನಡುವೆ ಇತ್ತು. ಇಬ್ಬರೂ ಮಾತು ನಿಲ್ಲಿಸಿ ನನ್ನನ್ನು ನೋಡಿದರು.

"ಬಾಗಲಾಗ ನಿಂತು ಏನ್ ನೋಡ್ತೀ?" ಎಂದರು ಅತ್ತೆ. ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಸರಿದರು. "ನನ್ನ ಕೈ ಸೋತಾವು. ನೀ ಹಿಡಿ."

ಅವರ ಕೈ ಸೋತಿರಲಿಲ್ಲ. ನಾನು ಕುಳಿತೆ. ಅವರು ಫಕೀರವ್ವನ ಕೈಯನ್ನು ಬಿಡದೆ, ಹಾಗೆಯೇ ತಂದು ನನ್ನ ಅಂಗೈಯಲ್ಲಿಟ್ಟರು.

"ಅಯ್ಯ ಶಿವನ!" ಎಂದಳು ಫಕೀರವ್ವ. "ಎಷ್ಟು ತಣ್ಣಗದಾವಬೇ ನಿನ್ನ ಕೈ!"

ಹಂಚಿನ ಬಿಸಿಯೂ ತಿಳಿಯದಿದ್ದ ಕೈ ಅದು. ತಂಪು ಬಿಸಿ ನಮ್ಮ ಅಳತೆಯ ಪಟ್ಟಿಯಲ್ಲೇ ಇರಲಿಲ್ಲ. ಫಕೀರವ್ವನ ಬಾಯಿ ತೆರೆದೇ ಇತ್ತು. ನಾನು ಕೈ ಹಿಂದಕ್ಕೆಳೆದುಕೊಳ್ಳಲು ಹೋದೆ.

ಅತ್ತೆ ಗೋಡೆಯ ಗಡಿಯಾರ ನೋಡಿದರು.

"ಇನ್ನ ಎಂಟು ನಿಮಿಷ ಐತಿ," ಎಂದರು. "ಬಿಡಬ್ಯಾಡ."